ಖಾಸಗಿ ವಾಹನ ನಿಲುಗಡೆ ಶುಲ್ಕ

ಖಾಸಗಿ ವಾಹನ ನಿಲುಗಡೆ ಶುಲ್ಕವೆಂದರೆ ಸೂಪರ್‌ಮಾರ್ಕೆಟ್, ಮಾಲ್, ಚಿತ್ರಮಂದಿರ, ಆಸ್ಪತ್ರೆ ಮುಂತಾದ ಖಾಸಗಿ ಆವರಣಗಳಲ್ಲಿ ವಾಹನ ನಿಲ್ಲಿಸುವುದಕ್ಕಾಗಿ ಆ ಜಾಗದ ಮಾಲೀಕರು ಅಥವಾ ಅವರಿಂದ ಗುತ್ತಿಗೆ ಪಡೆದವರು ವಸೂಲು ಮಾಡುವ ಹಣ. ಸಾರ್ವಜನಿಕ ಸ್ಥಳದಲ್ಲಿ ಸ್ಥಳೀಯ ಸಂಸ್ಥೆ ಪಡೆಯುವ ಶುಲ್ಕವೂ, ಸಂಚಾರ ನಿಯಮ ಮೀರಿದವರಿಗೆ ಪೊಲೀಸರು ವಿಧಿಸುವ ದಂಡವೂ ಇದರಿಂದ ಬೇರೆಯಾದವು. ಆಡುಮಾತಿನಲ್ಲಿ ಮೂರಕ್ಕೂ ‘ಪಾರ್ಕಿಂಗ್ ದುಡ್ಡು’ ಎಂಬ ಒಂದೇ ಹೆಸರಿದೆ. ಜಗಳಗಳು ಹುಟ್ಟುವುದು ಹೆಚ್ಚಾಗಿ ಈ ಗೊಂದಲದಿಂದಲೇ. ಭಾರತದಲ್ಲಿ ಖಾಸಗಿ ನಿಲುಗಡೆಗೆಂದೇ ದೇಶಕ್ಕೆಲ್ಲ ಅನ್ವಯಿಸುವ ಪ್ರತ್ಯೇಕ ಕಾನೂನಿಲ್ಲ. ಕಟ್ಟಡ ನಿಯಮಗಳು, 1872ರ ಕರಾರು ಅಧಿನಿಯಮ ಮತ್ತು 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮ ಇವುಗಳನ್ನು ಒಟ್ಟಿಗೆ ಓದಿಯೇ ಗ್ರಾಹಕನ ಹಕ್ಕನ್ನು ತಿಳಿಯಬೇಕಾಗುತ್ತದೆ.

ಮಲೆನಾಡಿನ ಪಟ್ಟಣಗಳಲ್ಲಿ

ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕು ಕೇಂದ್ರಗಳು. ಮೂರರಲ್ಲಿಯೂ ಪಟ್ಟಣ ಪಂಚಾಯಿತಿ ಆಡಳಿತವಿದೆ. ಅಡಿಕೆ, ಕಾಫಿ ಬೆಳೆಗಾರರ ಈ ಊರುಗಳಲ್ಲಿ ಅಂಗಡಿಗಳು ನೇರವಾಗಿ ಪೇಟೆಬೀದಿಗೆ ಬಾಗಿಲು ತೆರೆದಿರುತ್ತವೆ. ಗ್ರಾಹಕರ ಬೈಕು, ಜೀಪುಗಳು ರಸ್ತೆಯ ಅಂಚಿನಲ್ಲಿಯೇ ನಿಲ್ಲುತ್ತವೆ. ಯಾತ್ರಾಸ್ಥಳವಾದ ಶೃಂಗೇರಿಯ ಪರಿಸ್ಥಿತಿ ತುಸು ಬೇರೆ. ಶಾರದಾ ಪೀಠಕ್ಕೆ ಬರುವವರ ವಾಹನಗಳು ತುಂಗಾ ತೀರದ ಗಾಂಧಿ ಮೈದಾನದಲ್ಲಿ ನಿಲ್ಲುತ್ತವೆ. ಮುಂಗಾರಿನಲ್ಲಿ ಹೊಳೆ ಉಕ್ಕಿದಾಗ ಈ ಮೈದಾನ ಜಲಾವೃತವಾಗುವುದುಂಟು.

ಈ ತಾಲ್ಲೂಕುಗಳ ಜನರಿಗೆ ಖಾಸಗಿ ಶುಲ್ಕದ ಅನುಭವವಾಗುವುದು ಹೆಚ್ಚಾಗಿ ಆಸ್ಪತ್ರೆಗೋ ಮದುವೆಯ ಜವಳಿಗೋ ಶಿವಮೊಗ್ಗ, ಮಂಗಳೂರು, ಬೆಂಗಳೂರುಗಳಿಗೆ ಹೋದಾಗ. ಅಲ್ಲಿ ಒಳಬರುವಾಗ ಕೊಡುವ ಸಣ್ಣ ಚೀಟಿಯ ಬೆಲೆ ಅನೇಕರಿಗೆ ತಿಳಿಯುವುದು ವಾಹನಕ್ಕೆ ಏನಾದರೂ ಆದ ಮೇಲೆಯೇ.

ಹಣ ಕೇಳುವ ಹಕ್ಕು

ವಾಣಿಜ್ಯ ಕಟ್ಟಡಕ್ಕೆ ಪರವಾನಗಿ ಪಡೆಯುವಾಗ ವಿಸ್ತೀರ್ಣಕ್ಕೆ ತಕ್ಕಷ್ಟು ನಿಲುಗಡೆ ಜಾಗವನ್ನು ನಕ್ಷೆಯಲ್ಲಿ ತೋರಿಸಬೇಕು. ಕಾನೂನು ಬಿಡಲೇಬೇಕೆಂದು ವಿಧಿಸಿದ ಜಾಗಕ್ಕೆ ಮತ್ತೆ ಹಣ ಕೇಳಬಹುದೇ ಎಂಬುದು ವಿವಾದದ ತಿರುಳು. ಉಚ್ಚ ನ್ಯಾಯಾಲಯಗಳ ಉತ್ತರ ಒಂದೇ ಆಗಿಲ್ಲ. ಗುಜರಾತ್ ಉಚ್ಚ ನ್ಯಾಯಾಲಯದ ವಿಭಾಗೀಯ ಪೀಠವು 2019ರ ಜುಲೈನಲ್ಲಿ, ಜಾಗ ಒದಗಿಸುವುದು ಮಾಲೀಕರ ಕರ್ತವ್ಯವಾದ್ದರಿಂದ ಮಾಲ್ ಮತ್ತು ಮಲ್ಟಿಪ್ಲೆಕ್ಸ್‌ಗಳು ಶುಲ್ಕ ವಸೂಲು ಮಾಡುವಂತಿಲ್ಲ ಎಂದಿತು. ಕೇರಳದಲ್ಲಿ ಕೊಚ್ಚಿಯ ಮಾಲ್ ಒಂದರ ಪ್ರಕರಣದಲ್ಲಿ, 2022ರ ಜನವರಿಯಲ್ಲಿ ಮೇಲ್ನೋಟಕ್ಕೆ ಇಂಥ ಹಕ್ಕಿಲ್ಲವೆಂಬ ಅಭಿಪ್ರಾಯ ವ್ಯಕ್ತವಾಗಿದ್ದರೂ, ಅಂತಿಮವಾಗಿ ತೀರ್ಪು ಮಾಲೀಕರ ಪರವಾಯಿತು. 2025ರಲ್ಲಿ ವಿಭಾಗೀಯ ಪೀಠ ಅದನ್ನು ಎತ್ತಿಹಿಡಿಯಿತು. ಸ್ಥಳೀಯ ಸಂಸ್ಥೆಯ ಪರವಾನಗಿಯ ಷರತ್ತು ಮಾತ್ರ ಉಳಿಯಿತು.

ತೆಲಂಗಾಣ ಸರ್ಕಾರವು 2018ರ ಮಾರ್ಚ್ ತಿಂಗಳ ಆದೇಶದಲ್ಲಿ ಮಧ್ಯಮ ಮಾರ್ಗ ಹಿಡಿಯಿತು. ಅದರಂತೆ ಮೊದಲ 30 ನಿಮಿಷ ಎಲ್ಲರಿಗೂ ಉಚಿತ. ಒಂದು ಗಂಟೆಯವರೆಗೆ, ಎಷ್ಟೇ ಮೊತ್ತದ್ದಾಗಲಿ, ಖರೀದಿಯ ಬಿಲ್ಲು ತೋರಿಸಿದರೆ ಉಚಿತ. ಅದಕ್ಕೂ ಮೀರಿದರೆ ಬಿಲ್ಲಿನ ಮೊತ್ತ ಶುಲ್ಕಕ್ಕಿಂತ ಹೆಚ್ಚಿರಬೇಕು. ಕೊಳ್ಳಲು ಬಂದವನನ್ನೂ, ಸುಮ್ಮನೆ ದಿನವಿಡೀ ಗಾಡಿ ನಿಲ್ಲಿಸಿ ಹೋಗುವವನನ್ನೂ ಬೇರ್ಪಡಿಸುವ ಈ ವ್ಯವಸ್ಥೆ ಎರಡು ಕಡೆಯವರಿಗೂ ಹೆಚ್ಚು ನ್ಯಾಯವಾಗಿ ಕಾಣುತ್ತದೆ. ಆದರೆ ಈ ಆದೇಶ ಕರ್ನಾಟಕಕ್ಕೆ ಅನ್ವಯಿಸುವುದಿಲ್ಲ. ನೆರೆರಾಜ್ಯದ ತೀರ್ಪುಗಳನ್ನು ಇಲ್ಲಿ ಆಧಾರವಾಗಿ ಉಲ್ಲೇಖಿಸಬಹುದಷ್ಟೇ. ಅವು ಇಲ್ಲಿನ ನ್ಯಾಯಾಲಯಗಳನ್ನು ಕಟ್ಟಿಹಾಕುವುದಿಲ್ಲ.

ಶುಲ್ಕ ಮತ್ತು ದಂಡ

ಚೀಟಿ ಕಳೆದರೆ ಇಷ್ಟು, ಹೊತ್ತು ಮೀರಿದರೆ ಇಷ್ಟು ‘ದಂಡ’ ಎಂದು ಬರೆದ ಫಲಕಗಳು ಸಾಮಾನ್ಯ. ದಂಡ ವಿಧಿಸುವ ಅಧಿಕಾರ ಖಾಸಗಿಯವರಿಗಿಲ್ಲ. ಫಲಕ ಓದಿ ಒಳಬಂದದ್ದನ್ನು ಒಪ್ಪಂದವೆಂದು ಭಾವಿಸಿದರೂ, ಕರಾರು ಅಧಿನಿಯಮದ 74ನೆಯ ಪ್ರಕರಣದಂತೆ ಒಪ್ಪಂದ ಮುರಿದುದಕ್ಕೆ ಸಿಗುವುದು ಸಮಂಜಸವಾದ ಪರಿಹಾರ ಮಾತ್ರ. ಬರೆದಿಟ್ಟ ಮೊತ್ತ ಅದರ ಮೇಲ್ಮಿತಿ. ವಾಹನದ ನೋಂದಣಿ ಪತ್ರ ತೋರಿಸಿ ತನ್ನದೆಂದು ಸಾಬೀತುಪಡಿಸಿದ ಮೇಲೂ ಮನಸ್ಸಿಗೆ ಬಂದಷ್ಟು ಕೇಳುವುದಕ್ಕೆ ಇದರಲ್ಲಿ ಆಧಾರವಿಲ್ಲ.

ಬ್ರಿಟನ್ನಿನಲ್ಲಿ ವಿಷಯ ಇಷ್ಟು ಸರಳವಲ್ಲ. ಅಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳು ಇದನ್ನು ತಿಳಿದಿರುವುದು ಒಳಿತು. ಚೆಲ್ಮ್ಸ್‌ಫರ್ಡ್‌ನ ವ್ಯಾಪಾರ ಸಂಕೀರ್ಣವೊಂದರಲ್ಲಿ ಎರಡು ಗಂಟೆಯ ಉಚಿತ ಅವಧಿ ಮೀರಿದ ಚಾಲಕನಿಗೆ ಹಾಕಿದ 85 ಪೌಂಡ್ ಮೊತ್ತವನ್ನು ಅಲ್ಲಿನ ಸುಪ್ರೀಂ ಕೋರ್ಟ್ 2015ರ ನವೆಂಬರ್‌ನಲ್ಲಿ ಸಿಂಧುವೆಂದಿತು. ಖಾಸಗಿಯವರು ಚಕ್ರಕ್ಕೆ ಬೀಗ ಹಾಕುವುದನ್ನು ಮಾತ್ರ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 2012ರಲ್ಲೇ ನಿಷೇಧಿಸಲಾಗಿದೆ.

ವಾಹನ ಕಳವಾದಾಗ

ಒಬ್ಬರ ವಸ್ತುವನ್ನು ಮರಳಿ ಕೊಡುವ ಒಪ್ಪಂದದ ಮೇಲೆ ಇನ್ನೊಬ್ಬರು ಇಟ್ಟುಕೊಳ್ಳುವುದನ್ನು ಕಾನೂನಿನಲ್ಲಿ ಬೇಲ್‌ಮೆಂಟ್ ಎನ್ನುತ್ತಾರೆ. ಹಾಗೆ ಇಟ್ಟುಕೊಂಡವರು ವಿವೇಕಿಯಾದ ಮನುಷ್ಯ ತನ್ನ ಸ್ವಂತ ವಸ್ತುವನ್ನು ನೋಡಿಕೊಳ್ಳುವಷ್ಟು ಎಚ್ಚರದಿಂದ ಅದನ್ನು ನೋಡಿಕೊಳ್ಳಬೇಕೆಂದು ಕರಾರು ಅಧಿನಿಯಮದ 151ನೆಯ ಪ್ರಕರಣ ಹೇಳುತ್ತದೆ.

1998ರಲ್ಲಿ ದೆಹಲಿಯ ತಾಜ್ ಮಹಲ್ ಹೋಟೆಲಿನ ಸಿಬ್ಬಂದಿಯ ಕೈಗೆ ಕೀಲಿಕೈ ಕೊಟ್ಟು ಒಳಹೋದ ಅತಿಥಿಯೊಬ್ಬರ ಮಾರುತಿ ಜೆನ್ ಕಾರು ಕಳವಾಯಿತು. ಚೀಟಿಯ ಮೇಲೆ ‘ವಾಹನ ಮಾಲೀಕರ ಹೊಣೆಯಲ್ಲೇ’ ಎಂಬರ್ಥದ ಸಾಲಿತ್ತು. 2019ರ ನವೆಂಬರ್ 14ರಂದು ಸುಪ್ರೀಂ ಕೋರ್ಟ್ ಹೋಟೆಲನ್ನು ಹೊಣೆಯಾಗಿಸಿತು. ತನ್ನ ಅಲಕ್ಷ್ಯದ ಹೊಣೆಯಿಂದ ಇಂಥ ಸಾಲಿನ ಮರೆಯಲ್ಲಿ ಹೋಟೆಲು ತಪ್ಪಿಸಿಕೊಳ್ಳಲಾಗದು ಎಂದಿತು. ಈ ತೀರ್ಪು ನೀಡಿದ ಪೀಠದಲ್ಲಿದ್ದವರಲ್ಲಿ ಒಬ್ಬರು ಕರ್ನಾಟಕದವರಾದ ನ್ಯಾಯಮೂರ್ತಿ ಮೋಹನ್ ಎಂ. ಶಾಂತನಗೌಡರ್. ಪ್ರತ್ಯೇಕ ಶುಲ್ಕ ಪಡೆಯದೆ ನೀಡಿದ ಸೌಲಭ್ಯಕ್ಕೂ ಹೊಣೆಯಿದೆ ಎಂಬುದು ಈ ತೀರ್ಪಿನ ಮುಖ್ಯಾಂಶ.

ತೀರ್ಪಿಗೆ ಒಂದು ಮಿತಿಯೂ ಇದೆ. ಅಲ್ಲಿ ಕೀಲಿಕೈ ಹೋಟೆಲಿನ ವಶವಾಗಿತ್ತು. ಕೀಲಿಯನ್ನು ತನ್ನಲ್ಲೇ ಇಟ್ಟುಕೊಂಡು ಖಾಲಿ ಜಾಗದಲ್ಲಿ ಬೈಕು ನಿಲ್ಲಿಸಿ ಹೋದಾಗ, ಅದು ಪಾಲನೆಗೆ ಒಪ್ಪಿಸಿದ್ದೋ ಬರಿಯ ಜಾಗದ ಬಾಡಿಗೆಯೋ ಎಂಬುದು ಸಂದರ್ಭವನ್ನು ಅವಲಂಬಿಸುತ್ತದೆ. ಚೀಟಿಯಲ್ಲಿ ವಾಹನದ ಸಂಖ್ಯೆ ಬರೆದಿದ್ದು, ಹೊರಹೋಗುವಾಗ ಚೀಟಿ ಹಿಂಪಡೆಯುವ ಕ್ರಮವಿದ್ದರೆ ವಾಹನ ಕಾವಲಿನಲ್ಲಿತ್ತೆಂಬ ವಾದಕ್ಕೆ ಬಲ ಬರುತ್ತದೆ. ಸೀಟಿನ ಮೇಲಿಟ್ಟ ಹೆಲ್ಮೆಟ್ಟಿನ ವಿಷಯದಲ್ಲಿ ಈ ವಾದ ಅಷ್ಟು ಸುಲಭವಲ್ಲ.

ರಸೀದಿ ಮತ್ತು ದೂರು

ಸೇವೆಗೆ ರಸೀದಿ ಕೊಡದಿರುವುದನ್ನು ಗ್ರಾಹಕ ಸಂರಕ್ಷಣಾ ಅಧಿನಿಯಮದ 2(47)ನೆಯ ಪ್ರಕರಣವು ಅನುಚಿತ ವ್ಯಾಪಾರ ಪದ್ಧತಿಗಳಲ್ಲಿ ಒಂದೆಂದು ಹೆಸರಿಸಿದೆ. ಚೀಟಿಯಲ್ಲಿ ವಸೂಲುಗಾರರ ಹೆಸರು, ದಿನಾಂಕ, ವೇಳೆ, ವಾಹನದ ಸಂಖ್ಯೆ, ಮೊತ್ತ ಇವು ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳುವುದು, ದರದ ಫಲಕದ ಚಿತ್ರ ತೆಗೆದುಕೊಳ್ಳುವುದು ಮುಂದೆ ನೆರವಾಗುತ್ತದೆ. ಕಳವಾಗಿದ್ದರೆ ಠಾಣೆಯ ದೂರಿನ ಪ್ರತಿ ಮತ್ತು ವಿಮಾ ಕಂಪನಿಗೆ ಕೊಟ್ಟ ಲಿಖಿತ ಸೂಚನೆಯೂ ಬೇಕು.

ಮೊದಲ ಹೆಜ್ಜೆಯಾಗಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷಗಳೊಳಗೆ ದೂರು ಸಲ್ಲಿಸಬೇಕು. ಸೇವೆಗೆ ಕೊಟ್ಟ ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ. ವಕೀಲರ ನೆರವು ಕಡ್ಡಾಯವಲ್ಲ. 2019ರ ಅಧಿನಿಯಮ ತಂದ ಒಂದು ಬದಲಾವಣೆ ಮಲೆನಾಡಿನವರಿಗೆ ಬಹಳ ಉಪಯುಕ್ತ: ದೂರುದಾರ ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ಮಂಗಳೂರಿನ ಮಾಲಿನ ವಿರುದ್ಧ ಕೊಪ್ಪದವರು ಚಿಕ್ಕಮಗಳೂರಿನ ಆಯೋಗಕ್ಕೇ ಹೋಗಬಹುದು. ದೂರನ್ನು ಅಂತರಜಾಲದ ಮೂಲಕ ಸಲ್ಲಿಸಲೂ, ವಿಡಿಯೊ ಮೂಲಕ ವಿಚಾರಣೆ ಕೋರಲೂ ಅವಕಾಶವಿರುವುದರಿಂದ ಘಟ್ಟದ ದಾರಿಯ ಬಸ್ಸಿನಲ್ಲಿ ಪದೇ ಪದೇ ಓಡಾಡುವ ಶ್ರಮವೂ ಕಡಿಮೆಯಾಗುತ್ತದೆ.

ಸಾರ್ವಜನಿಕ ಜಾಗದಲ್ಲಿ ಹಣ ಕೇಳುವ ವ್ಯಕ್ತಿಗೆ ನಿಜವಾಗಿ ಗುತ್ತಿಗೆಯಿದೆಯೇ, ನಿಗದಿಯಾದ ದರವೆಷ್ಟು ಎಂಬ ಸಂದೇಹವಿದ್ದರೆ, ಮಾಹಿತಿ ಹಕ್ಕು ಅಧಿನಿಯಮದಡಿ 10 ರೂಪಾಯಿ ಶುಲ್ಕದೊಂದಿಗೆ ಪಟ್ಟಣ ಪಂಚಾಯಿತಿಗೆ ಅರ್ಜಿ ಸಲ್ಲಿಸಿ ಗುತ್ತಿಗೆ ಆದೇಶದ ಪ್ರತಿಯನ್ನು ಕೇಳಬಹುದು. ಉತ್ತರಕ್ಕೆ 30 ದಿನಗಳ ಗಡುವಿದೆ.