ಬೆಣ್ಣೆಯಂಥ ಓಟ, ತಡವಾಗಿ ಬಂದ ಅಕ್ಷರ

ಮೊಬೈಲ್ ಫೋನಿನ ಗಾಜಿನ ಮೇಲೆ ಬೆರಳು ಎಳೆದರೆ ಪರದೆಯ ಚಿತ್ರವೂ ಬೆರಳಿನ ಜತೆಗೇ ಸರಿಯಬೇಕು. ಅರೆಕ್ಷಣ ತಡೆದರೂ ಕೈಗೆ ಗೊತ್ತಾಗಿಬಿಡುತ್ತದೆ. ಇದು ಫೋನು ಕೊಳ್ಳುವವರ ಒಂದು ಆಸೆ. ಫೋನು ತನ್ನ ಇಷ್ಟದಂತೆ ಬದಲಾಗಬೇಕು ಎಂಬುದು ಇನ್ನೊಂದು. ಈ ಎರಡು ಆಸೆಗಳೂ ಬಹುಕಾಲ ಒಂದೇ ಫೋನಿನಲ್ಲಿ ಕೂಡಿಬರಲಿಲ್ಲ. ಆಪಲ್ ಕಂಪೆನಿಯ ಐಒಎಸ್ ಒಂದನ್ನು ಹಿಡಿಯಿತು, ಗೂಗಲ್‌ನ ಆಂಡ್ರಾಯ್ಡ್ ಇನ್ನೊಂದನ್ನು. ಈ ಕಥೆಯಲ್ಲಿ ಕನ್ನಡಕ್ಕೂ ಒಂದು ಪಾಲಿದೆ.

ಇವೆರಡೂ ಆಪರೇಟಿಂಗ್ ಸಿಸ್ಟಂಗಳು. ಅಂದರೆ ಫೋನಿನ ಯಂತ್ರಕ್ಕೂ ನಾವು ಬಳಸುವ ಆಪ್‌ಗಳಿಗೂ ನಡುವೆ ನಿಂತು ವ್ಯವಹಾರ ನಡೆಸುವ ಮೂಲ ತಂತ್ರಾಂಶಗಳು. 2007ರ ಜನವರಿಯಲ್ಲಿ ಸ್ಟೀವ್ ಜಾಬ್ಸ್ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಐಫೋನನ್ನು ಲೋಕಕ್ಕೆ ತೋರಿಸಿದರು. ಅದರೊಳಗಿದ್ದ ರ್‍ಯಾಮ್ ಕೇವಲ 128 ಎಂಬಿ. ಆದರೂ ಅದು ಸಲೀಸಾಗಿ ಓಡಿತು. ಯಂತ್ರವೂ ಆಪಲ್‌ನದೇ, ತಂತ್ರಾಂಶವೂ ಆಪಲ್‌ನದೇ. ಅದರ ಆಪ್‌ಗಳು ಮೊದಲೇ ಯಂತ್ರದ ಭಾಷೆಗೆ ಬದಲಾಗಿ ಬರುತ್ತಿದ್ದವು. ಈ ಓಟಕ್ಕೆ ಗ್ರಾಹಕ ತೆತ್ತ ಬೆಲೆಯೂ ಇತ್ತು. ಹೊರಗಿನವರ ಆಪ್‌ಗಳಿಗೆ ಬಾಗಿಲು ತೆರೆದದ್ದು 2008ರಲ್ಲಿ. ಒಂದು ಸಾಲನ್ನು ನಕಲು ಮಾಡಿ ಬೇರೆಡೆ ಅಂಟಿಸುವ ಸೌಲಭ್ಯ ಬಂದದ್ದು 2009ರಲ್ಲಿ. ಆಪ್‌ಗಳ ಚಿಹ್ನೆಗಳ ಹಿಂದೆ ಮನೆಮಂದಿಯ ಚಿತ್ರ ಹಾಕಿಕೊಳ್ಳಲು 2010ರವರೆಗೆ ಕಾಯಬೇಕಾಯಿತು!

ಗೂಗಲ್ 2005ರಲ್ಲಿ ಕೊಂಡ ಆಂಡ್ರಾಯ್ಡ್ ಮೊದಲ ಫೋನಿನಲ್ಲಿ ಕಾಣಿಸಿಕೊಂಡದ್ದು 2008ರಲ್ಲಿ. ಯಾವ ಕಂಪೆನಿಯಾದರೂ ಅದನ್ನು ತನ್ನ ಫೋನಿಗೆ ಹಾಕಿಕೊಳ್ಳಬಹುದಿತ್ತು. ಹೀಗೆ ಹತ್ತಾರು ಬಗೆಯ ಯಂತ್ರಗಳಲ್ಲಿ ಒಂದೇ ಆಪ್ ನಡೆಯಬೇಕಾದ್ದರಿಂದ ನಡುವೆ ಒಬ್ಬ ದುಭಾಷಿ ಬೇಕಾಯಿತು. ಅದರ ಹೆಸರು ಡಾಲ್ವಿಕ್. ಐಸ್‌ಲೆಂಡಿನ ಒಂದು ಊರಿನ ಹೆಸರನ್ನೇ ಇಟ್ಟದ್ದು. ಆಪ್ ಓಡುತ್ತಿರುವಾಗಲೇ ಡಾಲ್ವಿಕ್ ಅದನ್ನು ಯಂತ್ರಕ್ಕೆ ಅನುವಾದಿಸಿ ಹೇಳುತ್ತಿತ್ತು. ನಡುನಡುವೆ ಬಳಸಿ ಬಿಟ್ಟ ಮೆಮೊರಿಯ ಕಸ ಗುಡಿಸಲೂ ನಿಲ್ಲುತ್ತಿತ್ತು. ಬೆರಳಿಗೆ ತಗಲುತ್ತಿದ್ದ ಎಡವಟ್ಟಿಗೆ ಇದೂ ಒಂದು ಕಾರಣ. ಆದರೆ ಮುಖಪುಟವನ್ನೇ ಬದಲಿಸುವ ಸ್ವಾತಂತ್ರ್ಯ ಅಲ್ಲಿತ್ತು. 2009ರಲ್ಲಿ ಬೇರೆಯವರು ರೂಪಿಸಿದ ಕೀಲಿಮಣೆಗಳಿಗೂ ಅವಕಾಶ ಸಿಕ್ಕಿತು.

ಇದೆಲ್ಲ ಬರೀ ಸಿಂಗಾರ ಎನ್ನುವವರಿದ್ದಾರೆ. ಕನ್ನಡದ ಮಟ್ಟಿಗೆ ಆ ಮಾತು ಸಲ್ಲದು. ಆರಂಭದ ಬಹಳಷ್ಟು ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡ ತೆರೆದರೆ ಕಾಣುತ್ತಿದ್ದುದು ಖಾಲಿ ಚೌಕಗಳ ಸಾಲು. ಒಪೆರಾ ಮಿನಿ ಎಂಬ ಬ್ರೌಸರಿನಲ್ಲಿ ಒಂದು ಅಡಗಿದ ಆಯ್ಕೆಯನ್ನು ಬದಲಿಸಿದರೆ ಅಕ್ಷರಗಳು ದೂರದ ಕಂಪ್ಯೂಟರಿನಲ್ಲೇ ಚಿತ್ರವಾಗಿ ಮೂಡಿ ಫೋನಿಗೆ ಬರುತ್ತಿದ್ದವು. ಓದಬಹುದಿತ್ತು, ಅಷ್ಟೆ. ಧೈರ್ಯವಿದ್ದವರು ಫೋನನ್ನು 'ರೂಟ್' ಮಾಡಿ, ಅಂದರೆ ಕಂಪೆನಿ ಹಾಕಿದ ಬೀಗ ತೆಗೆದು, ಕನ್ನಡದ ಫಾಂಟನ್ನು ತಾವೇ ಒಳಗೆ ಸೇರಿಸಿದರು. ಆಗಲೂ ಒತ್ತಕ್ಷರಗಳು ತಮ್ಮ ಜಾಗಕ್ಕೆ ಬಂದು ಕೂರುತ್ತಿರಲಿಲ್ಲ. ಫಾಂಟ್ ಇದ್ದರೆ ಸಾಲದು, ಅಕ್ಷರ ಜೋಡಿಸುವ ವಿದ್ಯೆಯೂ ವ್ಯವಸ್ಥೆಗೆ ತಿಳಿದಿರಬೇಕು.

2012ರಲ್ಲಿ ಬಂದ ಆಂಡ್ರಾಯ್ಡ್ 4.1 ಎರಡೂ ಕೊರತೆಗಳಿಗೆ ಒಟ್ಟಿಗೇ ಕೈಹಾಕಿತು. ಓಟವನ್ನು ನುಣುಪಾಗಿಸುವ ಕೆಲಸಕ್ಕೆ ಗೂಗಲ್ ಇಟ್ಟ ಹೆಸರು 'ಪ್ರಾಜೆಕ್ಟ್ ಬಟರ್', ನಮ್ಮ ಮಾತಿನಲ್ಲಿ ಬೆಣ್ಣೆ ಯೋಜನೆ. ಪರದೆಯ ಚಿತ್ರ ಸೆಕೆಂಡಿಗೆ 60 ಸಲ ಬದಲಾಗಬೇಕು, ಬೆರಳು ತಾಗಿದೊಡನೆ ಪ್ರೊಸೆಸರ್ ಚುರುಕಾಗಬೇಕು ಎಂಬುದು ಅದರ ಗುರಿ. ಅದೇ ಆವೃತ್ತಿಯಲ್ಲಿ ಕನ್ನಡ, ತೆಲುಗು, ಮಲಯಾಳಂ ಲಿಪಿಗಳೂ ಬಂದವು. ಬೆಣ್ಣೆಯ ಸುದ್ದಿ ದೊಡ್ಡದಾಯಿತು. ನಮ್ಮ ಪಾಲಿಗೆ ಅಕ್ಷರದ ಸುದ್ದಿಯೇ ದೊಡ್ಡದಾಗಬೇಕಿತ್ತು.

ಆದರೆ ಮುಕ್ತತೆಗೆ ಇನ್ನೊಂದು ಮುಖವೂ ಇದೆ. ಹೊಸ ಆವೃತ್ತಿಯನ್ನು ಹಳೆಯ ಫೋನಿಗೆ ಕೊಡುವುದು, ಬಿಡುವುದು ಆಯಾ ಫೋನು ತಯಾರಕರ ಇಷ್ಟ. ಅನೇಕರು ಕೊಡಲಿಲ್ಲ. ಅಂಥ ಫೋನುಗಳಿಗೆ ಬೆಣ್ಣೆಯೂ ಸಿಗಲಿಲ್ಲ, ಅಕ್ಷರವೂ ಸಿಗಲಿಲ್ಲ. ಕಂಪೆನಿ ಕೈಬಿಟ್ಟ ಹಲವು ಫೋನುಗಳಿಗೆ ಹವ್ಯಾಸಿಗಳೇ ರೂಪಿಸಿದ ಸಯನೋಜೆನ್‌ಮಾಡ್‌ನಂಥ ಆವೃತ್ತಿಗಳು ಮರುಜೀವ ಕೊಟ್ಟವು.

2014ರಲ್ಲಿ ಆಂಡ್ರಾಯ್ಡ್ 5.0 ಡಾಲ್ವಿಕ್‌ಗೆ ವಿದಾಯ ಹೇಳಿತು. ಅದರ ಜಾಗಕ್ಕೆ ಬಂದ 'ಆರ್ಟ್' ಎಂಬ ವ್ಯವಸ್ಥೆ ಆಪನ್ನು ಫೋನಿಗೆ ಹಾಕಿಕೊಳ್ಳುವಾಗಲೇ ಅನುವಾದ ಮುಗಿಸಿಬಿಡುತ್ತಿತ್ತು. ಅದೇ ವರ್ಷ ಆಪಲ್ ಕೂಡ ಬೇರೆಯವರ ಕೀಲಿಮಣೆಗಳನ್ನು ಒಳಗೆ ಬಿಟ್ಟುಕೊಂಡಿತು. ಐಫೋನಿನ ಮುಖಪುಟದಲ್ಲಿ ಆಪ್‌ಗಳ ನಡುವೆ ಬೇಕಾದಲ್ಲಿ ಖಾಲಿ ಜಾಗ ಬಿಟ್ಟು ಜೋಡಿಸಿಕೊಳ್ಳುವ ಅವಕಾಶ ಬಂದದ್ದು 2024ರಲ್ಲಿ, ಮೊದಲ ಐಫೋನ್ ಮಾರಾಟಕ್ಕೆ ಬಂದ 17 ವರ್ಷಗಳ ನಂತರ.