ಮೆತ್ತನೆಯ ಅಟ್ಟೆಯ ಚರಿತ್ರೆ

ಫಾರಂ ಕೋಳಿ ಬರುವ ಮೊದಲು ನಮ್ಮ ಊರುಗಳಲ್ಲಿ ಯಾರೂ ‘ನಾಟಿ ಕೋಳಿ’ ಎನ್ನುತ್ತಿರಲಿಲ್ಲ. ಕೋಳಿ ಎಂದರೆ ಕೋಳಿ, ಅಷ್ಟೆ. ಹೊಸದೊಂದು ಬಂದು ಪಕ್ಕದಲ್ಲಿ ನಿಂತಾಗಲೇ ಹಳೆಯದಕ್ಕೊಂದು ವಿಶೇಷಣ ಅಂಟಿಕೊಳ್ಳುವುದು. ಓಟದ ಶೂಗಳ ಅಂಗಡಿಯಲ್ಲಿ ಕೇಳಿಬರುವ ‘ನ್ಯೂಟ್ರಲ್’ ಎಂಬ ಪದದ ಕಥೆಯೂ ಇದೇ. ಪಾದವನ್ನು ತಿದ್ದಲು ಹೋಗದೆ ನೆಲದ ಪೆಟ್ಟನ್ನಷ್ಟೇ ತಗ್ಗಿಸುವ ಶೂಗೆ ಈಗ ಈ ಹೆಸರು. ಒಂದು ಕಾಲಕ್ಕೆ ಓಟದ ಯಾವ ಶೂವೂ ಪಾದವನ್ನು ತಿದ್ದುವ ಗೋಜಿಗೆ ಹೋಗುತ್ತಿರಲಿಲ್ಲ, ಹಾಗಾಗಿ ಹೆಸರಿನ ಅಗತ್ಯವೂ ಇರಲಿಲ್ಲ. ದಿನಬಳಕೆಯ ವಸ್ತುಗಳ ಚರಿತ್ರೆಯನ್ನು ಸಂಶೋಧನೆಗೆ ಆರಿಸಿಕೊಂಡ ನನಗೆ ಕುತೂಹಲ ಹುಟ್ಟಿದ್ದು ಇಲ್ಲೇ. ಪಾದಕ್ಕೆ ತಿದ್ದುಪಡಿ ಬೇಕು ಎಂಬ ಮಾತು ಬಂದದ್ದು ಯಾವಾಗ?

ಮೊದಲು ಮೆತ್ತನೆಯ ವಿಚಾರ. ಓಟದ ಶೂ ಮೆತ್ತಗಿರಬೇಕು ಎಂಬುದೂ ತೀರ ಹಳೆಯ ಮಾತೇನಲ್ಲ. ಇಪ್ಪತ್ತನೆಯ ಶತಮಾನದ ಬಹುಭಾಗ ಓಟದ ಶೂ ಎಂದರೆ ತೆಳು ಅಟ್ಟೆಯ, ಹಗುರವಾದ ಚರ್ಮದ ಅಥವಾ ಬಟ್ಟೆಯ ಹೊದಿಕೆ. ಇಥಿಯೋಪಿಯಾದ ಅಬೆಬೆ ಬಿಕಿಲ 1960ರ ರೋಮ್ ಒಲಿಂಪಿಕ್ಸ್ ಮ್ಯಾರಥಾನನ್ನು ಬರಿಗಾಲಲ್ಲೇ ಗೆದ್ದರು. 1964ರಲ್ಲಿ ಟೋಕಿಯೊದಲ್ಲಿ ಶೂ ಹಾಕಿ ಮತ್ತೆ ಗೆದ್ದಾಗ ಅವರ ಸಮಯ 2 ಗಂಟೆ 12 ನಿಮಿಷ 11 ಸೆಕೆಂಡು. ಬರಿಗಾಲ ಓಟಕ್ಕೇ ಹೆಸರಾಗಿದ್ದ ನಮ್ಮ ಶಿವನಾಥ್ ಸಿಂಗ್ 1978ರಲ್ಲಿ ಜಲಂಧರಿನಲ್ಲಿ 2 ಗಂಟೆ 12 ನಿಮಿಷಕ್ಕೆ ಮ್ಯಾರಥಾನ್ ಮುಗಿಸಿದರು. ದಶಕಗಳ ಕಾಲ ಅದೇ ಭಾರತದ ದಾಖಲೆ. ಅಂದರೆ ವೇಗಕ್ಕೆ ಮೆತ್ತೆ ಅನಿವಾರ್ಯವಾಗಿರಲಿಲ್ಲ. ಹಾಗಾದರೆ ಮೆತ್ತೆ ಯಾರಿಗೆ ಬೇಕಾಯಿತು?

ಸಾಮಾನ್ಯರಿಗೆ. ಅಮೆರಿಕದ ಓರೆಗಾನ್ ವಿಶ್ವವಿದ್ಯಾಲಯದ ಕೋಚ್ ಬಿಲ್ ಬೋವರ್ಮನ್ 1962ರ ಕೊನೆಯಲ್ಲಿ ನ್ಯೂಜಿಲೆಂಡಿಗೆ ಹೋದಾಗ, ಅಲ್ಲಿನ ಕೋಚ್ ಆರ್ಥರ್ ಲಿಡಿಯಾರ್ಡ್ ಅವರನ್ನು ಒಂದು ಬೆಳಗಿನ ಓಟಕ್ಕೆ ಕರೆದೊಯ್ದರು. ತಮಗಿಂತ ಹಿರಿಯರಾದವರ ಜೊತೆ ಹೆಜ್ಜೆ ಹಾಕಲಾರದೆ ಬೋವರ್ಮನ್ ಏದುಸಿರು ಬಿಟ್ಟರು. ಊರಿಗೆ ಮರಳಿದವರೇ ನಡುವಯಸ್ಸಿನವರನ್ನು ಕೂಡಿಸಿ ಓಡಿಸತೊಡಗಿದರು. 1967ರಲ್ಲಿ ಹೃದಯತಜ್ಞರೊಬ್ಬರ ಜೊತೆ ಸೇರಿ ಜಾಗಿಂಗ್ ಕುರಿತು ಬರೆದ ಪುಸ್ತಕವೂ ಬಂತು. ಈಗ ಓಡುವವರು ಐವತ್ತೈದು ಕೆ.ಜಿ. ತೂಗುವ ಹುಡುಗರಲ್ಲ, ಕುರ್ಚಿಯಲ್ಲಿ ಕೂತು ಕೆಲಸ ಮಾಡುವ ಗುಮಾಸ್ತರು, ಗೃಹಿಣಿಯರು. ಅವರ ಓಟ ಗಟ್ಟಿ ರಸ್ತೆಯ ಮೇಲೆ. ಓಡುವಾಗ ಪ್ರತಿ ಹೆಜ್ಜೆಗೂ ದೇಹದ ತೂಕದ ಎರಡು ಮೂರು ಪಟ್ಟು ಬಲ ಕಾಲಿನ ಮೇಲೆ ಬೀಳುತ್ತದೆ. ಜಪಾನಿನ ಒನಿತ್ಸುಕಾ ಕಂಪನಿಗೆ ಬೋವರ್ಮನ್ ಸೂಚಿಸಿದ ವಿನ್ಯಾಸದಲ್ಲಿ ಹಿಮ್ಮಡಿಯಿಂದ ಬೆರಳತನಕ ಸ್ಪಂಜಿನ ಪದರ ಹಾಸಿತ್ತು. ಅದೇ ಮುಂದೆ ನೈಕಿಯ ‘ಕೊರ್ಟೆಜ್’ ಆಯಿತು.

1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಫ್ರಾಂಕ್ ಶಾರ್ಟರ್ ಮ್ಯಾರಥಾನ್ ಗೆದ್ದ ಮೇಲೆ ಆ ದೇಶದಲ್ಲಿ ಓಟದ ಹುಚ್ಚು ಹಬ್ಬಿತು. ಅದರ ಬೆನ್ನಿಗೇ ಬಂದದ್ದು ಇಥಿಲೀನ್ ವಿನೈಲ್ ಅಸಿಟೇಟ್, ಚಿಕ್ಕದಾಗಿ ಇ.ವಿ.ಎ. ಒಳಗೆ ಲೆಕ್ಕವಿಲ್ಲದಷ್ಟು ಪುಟ್ಟ ಗಾಳಿಗುಳ್ಳೆಗಳಿರುವ ಈ ಹಗುರ ಫೋಮನ್ನು ಬ್ರೂಕ್ಸ್ ಕಂಪನಿ 1975ರ ಸುಮಾರಿಗೆ ಓಟದ ಶೂಗೆ ತಂದಿತು. ಇಂದು ಮನೆಯೊಳಗೆ ಹಾಕುವ ಎಷ್ಟೋ ಹಗುರ ಚಪ್ಪಲಿಗಳೂ ಇದರವೇ. ಬಾಹ್ಯಾಕಾಶ ಉದ್ಯಮದಲ್ಲಿ ಎಂಜಿನಿಯರ್ ಆಗಿದ್ದ ಫ್ರಾಂಕ್ ರೂಡಿ ಅಟ್ಟೆಯೊಳಗೆ ಅನಿಲದ ಚೀಲವನ್ನೇ ಕೂರಿಸಿದರು. ಆ ಶೂ 1978ರಲ್ಲಿ ಹೊನೊಲುಲು ಮ್ಯಾರಥಾನ್ ಹೊತ್ತಿಗೆ ಹೊರಬಂತು. 1986ರಲ್ಲಿ ಏಸಿಕ್ಸ್ ಜೆಲ್ ತಂದಿತು. ಮೆತ್ತೆಯ ಪೈಪೋಟಿ ಶುರುವಾಗಿತ್ತು.

ಇದೇ ಹೊತ್ತಿಗೆ ಇನ್ನೊಂದು ವಿಚಾರ ತಲೆಯೆತ್ತಿತು. ಓಡುವ ಜನ ಹೆಚ್ಚಿದಂತೆ ಮಂಡಿನೋವು, ಮೊಣಕಾಲ ಕೆಳಗಿನ ಮೂಳೆನೋವು ಹೊತ್ತು ವೈದ್ಯರಲ್ಲಿಗೆ ಬರುವವರೂ ಹೆಚ್ಚಿದರು. ಪಾದತಜ್ಞರ ಕಣ್ಣು ಒಂದು ಚಲನೆಯ ಮೇಲೆ ನೆಟ್ಟಿತು. ಸಾಮಾನ್ಯವಾಗಿ ಹಿಮ್ಮಡಿಯ ಹೊರ ಅಂಚು ಮೊದಲು ನೆಲ ಮುಟ್ಟುತ್ತದೆ. ಆಮೇಲೆ ಪಾದ ಒಳಕ್ಕೆ ಹೊರಳಿ, ಕಮಾನು ಸ್ವಲ್ಪ ತಗ್ಗಿ, ಪೆಟ್ಟನ್ನು ಹಂಚಿಕೊಳ್ಳುತ್ತದೆ. ಇದಕ್ಕೆ ಪ್ರೊನೇಷನ್ ಎನ್ನುತ್ತಾರೆ. ಇದು ದೇಹ ತಾನೇ ಮಾಡಿಕೊಂಡ ಮೆತ್ತೆ. ಈ ಹೊರಳುವಿಕೆ ‘ಅತಿ’ಯಾದರೆ ಗಾಯ ಎಂದು ತಜ್ಞರು ತರ್ಕಿಸಿದರು. 1977ರಲ್ಲಿ ಬ್ರೂಕ್ಸ್‌ನ ‘ವ್ಯಾಂಟೇಜ್’ ಶೂ ಒಳಬದಿಯಲ್ಲಿ ಎತ್ತರವಾದ ಓರೆ ಅಟ್ಟೆಯೊಂದಿಗೆ ಬಂತು. ಮುಂದೆ ಅಟ್ಟೆಯ ಒಳಬದಿಗೆ ಗಟ್ಟಿ ಫೋಮಿನ ತುಂಡನ್ನು ಸೇರಿಸುವುದು ರೂಢಿಯಾಯಿತು. 1992ರಲ್ಲಿ ಬಂದ ‘ಬೀಸ್ಟ್’ ಎಂಬ ಭಾರೀ ಶೂ ಹೆಸರಿಗೆ ತಕ್ಕಂತೆ ಪಾದವನ್ನು ಬಿಗಿಯಾಗಿ ಹಿಡಿಯುತ್ತಿತ್ತು.

ಹೀಗೆ ಅಂಗಡಿಯ ಗೋಡೆ ಮೂರು ಭಾಗವಾಯಿತು: ಮೋಷನ್ ಕಂಟ್ರೋಲ್, ಸ್ಟೆಬಿಲಿಟಿ, ನ್ಯೂಟ್ರಲ್. ಒದ್ದೆ ಪಾದವನ್ನು ಕಾಗದದ ಮೇಲೆ ಊರಿ, ಗುರುತು ಚಪ್ಪಟೆಯಾಗಿ ಮೂಡಿದರೆ ಮೊದಲನೆಯದು, ನಡುವೆ ಸಾಧಾರಣ ಬಾಗು ಕಂಡರೆ ಎರಡನೆಯದು, ಬಾಗು ಆಳವಾಗಿದ್ದರೆ ಮೆತ್ತನೆಯ ನ್ಯೂಟ್ರಲ್ ಎಂಬ ಸೂತ್ರ ಜನಪ್ರಿಯವಾಯಿತು. ಗಮನಿಸಿ, ಈ ಸೂತ್ರದಲ್ಲಿ ಸಾಧಾರಣ ಪಾದಕ್ಕೂ ಒಂದಿಷ್ಟು ತಿದ್ದುಪಡಿ ಇದೆ. ಎಲ್ಲರ ಪಾದವೂ ತನ್ನಷ್ಟಕ್ಕೆ ಮಾಡುವ ಚಲನೆಯೇ ದೋಷದ ಪಟ್ಟಿಗೆ ಸೇರಿತು.

ಇದರ ಪರಿಣಾಮ ಪುಸ್ತಕದಲ್ಲಷ್ಟೇ ಉಳಿಯಲಿಲ್ಲ. ಬಿ.ಪಿ. ಇರುವ ನನ್ನ ಅಮ್ಮನಿಗೆ ಡಾಕ್ಟರು ದಿನಾ ಬಿರುಸಾಗಿ ನಡೆಯಲು ಹೇಳಿದಾಗ ಮೈಸೂರಿನ ಒಂದು ಅಂಗಡಿಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿ ಯಂತ್ರದ ಮೇಲೆ ನಡೆಸಿ, ಪರದೆಯ ಮೇಲೆ ಹಿಮ್ಮಡಿಯ ಚಿತ್ರಕ್ಕೊಂದು ಕೆಂಪು ಗೆರೆ ಎಳೆದು, “ಮೇಡಂ, ನಿಮ್ಮ ಪಾದ ಒಳಗಡೆ ಬೀಳ್ತಿದೆ” ಎಂದರು. ಮೂರು ದಶಕ ಅಂಗನವಾಡಿಗೆ ದಿನಾ ಎರಡು ಮೈಲಿ ನಡೆದ ಹೆಂಗಸು ಅಮ್ಮ. ತಿದ್ದುವ ಶೂನ ಬೆಲೆ ಕೇಳಿ, ಕೊಳ್ಳದೆ ಹೊರಟೆವು. ಬಸ್ಸಿನಲ್ಲಿ ಅವಳು ಮೆಲ್ಲಗೆ ಕೇಳಿದಳು: “ಇಷ್ಟು ವರ್ಷ ನಾನು ತಪ್ಪಾಗೇ ನಡೆದ್ನೇನೋ?” ಒಂದು ವರ್ಗೀಕರಣ ಮನುಷ್ಯರಿಗೆ ಏನು ಮಾಡಬಲ್ಲದು ಎಂಬುದಕ್ಕೆ ಇದಕ್ಕಿಂತ ದೊಡ್ಡ ದಾಖಲೆ ನನಗೆ ಬೇಕಾಗಿಲ್ಲ.

ವಿಚಿತ್ರವೆಂದರೆ, ಈ ಸೂತ್ರವನ್ನು ದೊಡ್ಡ ಪ್ರಮಾಣದಲ್ಲಿ ಒರೆಗೆ ಹಚ್ಚುವುದಕ್ಕೆ ಮೂರು ದಶಕ ಹಿಡಿಯಿತು. ಅಮೆರಿಕದ ಸೇನೆ, ವಾಯುಪಡೆ ಮತ್ತು ಮರೀನ್ ದಳದಲ್ಲಿ ತರಬೇತಿಗೆ ಸೇರಿದ ಸಾವಿರಾರು ಜನರ ಮೇಲೆ ಜೋಸೆಫ್ ನಾಪಿಕ್ ಮತ್ತು ಸಂಗಡಿಗರು ಅಧ್ಯಯನ ನಡೆಸಿ 2009 ಮತ್ತು 2010ರಲ್ಲಿ ಪ್ರಕಟಿಸಿದರು. ಒಂದು ಗುಂಪಿಗೆ ಪಾದದ ಆಕಾರ ನೋಡಿ ಶೂ ಕೊಟ್ಟರು, ಇನ್ನೊಂದಕ್ಕೆ ಪಾದ ಹೇಗೇ ಇರಲಿ ಒಂದೇ ಬಗೆಯ ಶೂ. ಗಾಯಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮುಂದೆ ಡೆನ್ಮಾರ್ಕಿನಲ್ಲಿ ಹೊಸದಾಗಿ ಓಡಲು ತೊಡಗಿದ 927 ಜನರಿಗೆ ಒಂದೇ ಬಗೆಯ ನ್ಯೂಟ್ರಲ್ ಶೂ ಕೊಟ್ಟು ಒಂದು ವರ್ಷ ಗಮನಿಸಿದರು. ಪಾದ ಒಳಕ್ಕೆ ಹೊರಳುವವರಿಗೆ ಹೆಚ್ಚು ಗಾಯವಾಗಲಿಲ್ಲ. ಓಡಿದ ಪ್ರತಿ ಸಾವಿರ ಕಿಲೋಮೀಟರಿಗೆ ಲೆಕ್ಕ ಹಾಕಿದರೆ, ‘ಸಹಜ’ ಪಾದದವರಿಗಿಂತ ಅವರಿಗೇ ಕಡಿಮೆ.

ಹಾಗೆಂದು ಮೆತ್ತೆಯೇ ಸರ್ವರೋಗಕ್ಕೆ ಮದ್ದು ಎಂದೂ ಅಲ್ಲ. 2009ರಲ್ಲಿ ಕ್ರಿಸ್ಟೋಫರ್ ಮೆಕ್‌ಡೂಗಲ್ ಅವರ ‘ಬಾರ್ನ್ ಟು ರನ್’ ಬಂದು ಬರಿಗಾಲ ಓಟದ ಅಲೆ ಎದ್ದಿತು. ಅದೇ ವರ್ಷ ಫ್ರಾನ್ಸಿನಲ್ಲಿ ದಪ್ಪ ಮೆತ್ತೆಯ ‘ಹೋಕಾ’ ಹುಟ್ಟಿತು. ಮೊದಲಿನ ಅಲೆ ಬೇಗ ಇಳಿಯಿತು, ಎರಡನೆಯದು ಇಡೀ ಮಾರುಕಟ್ಟೆಯನ್ನು ತನ್ನತ್ತ ಎಳೆದುಕೊಂಡಿತು. ಮೆತ್ತೆಯ ಬಗ್ಗೆ ಲಕ್ಸೆಂಬರ್ಗ್‌ನಲ್ಲಿ ನಡೆದ ಪರೀಕ್ಷೆಗಳು ಬೇರೆ ಬೇರೆ ಉತ್ತರ ಕೊಟ್ಟವು. 247 ಜನರ ಮೊದಲ ಪರೀಕ್ಷೆಯಲ್ಲಿ ಮೆತ್ತನೆಯ ಮತ್ತು ಗಟ್ಟಿ ಅಟ್ಟೆಗಳ ನಡುವೆ ವ್ಯತ್ಯಾಸವೇ ಕಾಣಲಿಲ್ಲ. 2020ರಲ್ಲಿ ಪ್ರಕಟವಾದ 848 ಜನರ ಪರೀಕ್ಷೆಯಲ್ಲಿ ಗಟ್ಟಿ ಅಟ್ಟೆಯವರಿಗೆ ಹೆಚ್ಚು ಗಾಯಗಳಾದವು. ಆದರೆ ಮೆತ್ತೆಯ ಲಾಭ ಸ್ಪಷ್ಟವಾಗಿ ಕಂಡದ್ದು ಹಗುರ ಮೈಯವರಲ್ಲಿ. ತೂಕದವರಿಗೇ ಹೆಚ್ಚು ಮೆತ್ತೆ ಬೇಕು ಎಂಬ ಅಂಗಡಿಯ ಮಾತನ್ನು ಅದು ಎತ್ತಿಹಿಡಿಯಲಿಲ್ಲ.

ಈಗ ಕೊಳ್ಳುವವರ ಕೈಗೆ ಉಳಿಯುವುದೇನು? ಕೆನಡಾದ ಕ್ಯಾಲ್ಗರಿಯ ಹಿರಿಯ ವಿಜ್ಞಾನಿ ಬೆನ್ನೊ ನಿಗ್ 2015ರಲ್ಲಿ ಸಹೋದ್ಯೋಗಿಗಳ ಜೊತೆ ಮುಂದಿಟ್ಟ ವಿಚಾರ ಸರಳ: ಕಾಲಿಗೆ ಹಿತವೆನಿಸುವುದನ್ನೇ ಆರಿಸಿ, ದೇಹ ತನ್ನ ಸಹಜ ಚಲನೆಯ ದಾರಿಯನ್ನು ತಾನೇ ಹುಡುಕಿಕೊಳ್ಳುತ್ತದೆ. ಆದ್ದರಿಂದ ಪಾದ ಸ್ವಲ್ಪ ಊದಿರುವ ಸಂಜೆ ಹೊತ್ತು ಅಂಗಡಿಗೆ ಹೋಗಿ. ಬೆರಳ ಮುಂದೆ ಹೆಬ್ಬೆರಳಷ್ಟು ಜಾಗ ಇರಲಿ. ಒಳಬದಿಯ ಫೋಮನ್ನು ಒತ್ತಿ ನೋಡಿ. ಒಂದು ಕಡೆ ಮಾತ್ರ ಗಟ್ಟಿಯಾಗಿ, ಹಲವು ಸಲ ಬೂದು ಬಣ್ಣದಲ್ಲಿ, ಇನ್ನೊಂದು ತುಂಡು ಕೂಡಿಕೊಂಡಿದ್ದರೆ ಅದು ತಿದ್ದುವ ಶೂ. ಎರಡೂ ಬದಿ ಒಂದೇ ಸಮ ಇದ್ದರೆ ಬಹುಮಟ್ಟಿಗೆ ನ್ಯೂಟ್ರಲ್. ನ್ಯೂಟ್ರಲ್ ಎಂದರೆ ಮೆತ್ತನೆಯದೇ ಎಂದೇನಿಲ್ಲ, ಗಟ್ಟಿಯಾದವೂ ಇವೆ. ಎರಡು ಮೂರು ಜೊತೆ ಹಾಕಿ ನಾಲ್ಕು ಹೆಜ್ಜೆ ಓಡಿ. ಕಾಲು ಹೂತುಹೋಗಿ ಓಲಾಡುವಷ್ಟು ಮೆತ್ತಗಿದ್ದರೆ ಬಿಡಿ. ತಿದ್ದುವ ಶೂನಲ್ಲೇ ವರ್ಷಗಟ್ಟಲೆ ನೋವಿಲ್ಲದೆ ಓಡುತ್ತಿರುವವರು ಬದಲಿಸಬೇಕಾಗಿಲ್ಲ. ಸಕ್ಕರೆ ಕಾಯಿಲೆಯಿಂದ ಅಂಗಾಲಿನ ಸ್ಪರ್ಶ ಕುಂದಿದವರಿಗೆ ಮಾತ್ರ ಈ ಹಿತದ ಅಳತೆ ಸಾಲದು, ಅವರು ವೈದ್ಯರನ್ನು ಕೇಳಿಯೇ ಕೊಳ್ಳಬೇಕು.

ಹೊಸ ಫೋಮುಗಳು ಬರುತ್ತಲೇ ಇವೆ. ರಸ್ತೆ ಓಟದ ಸ್ಪರ್ಧೆಗಳಲ್ಲಿ ಅಟ್ಟೆಯ ದಪ್ಪ 40 ಮಿಲಿಮೀಟರ್ ದಾಟಬಾರದೆಂದು ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ 2020ರಲ್ಲಿ ನಿಯಮ ಮಾಡಬೇಕಾಯಿತು. ಪಾದದ ದೋಷಕ್ಕೆ ಹೊಸ ಹೆಸರುಗಳೂ ನಾಳೆ ಬರಬಹುದು. ಆಗ ನೆನಪಿಡಬೇಕಾದ್ದು ಇಷ್ಟೇ: ‘ನ್ಯೂಟ್ರಲ್’ ಎಂಬುದು ಶೂಗೆ ಇಟ್ಟ ಹೆಸರು. ಪಾದ ಅದಕ್ಕಿಂತ ಬಹಳ ಹಳೆಯದು, ನಡೆಯುವುದನ್ನು ಅದು ಅಂಗಡಿಯಲ್ಲಿ ಕಲಿತದ್ದಲ್ಲ.