ಅಮೆರಿಕದ ರಾಜ್ಯಾಂಗವೂ ನಮ್ಮ ವಿದ್ಯಾರ್ಥಿಗಳೂ

ಅಮೆರಿಕ ಸಂಯುಕ್ತ ಸಂಸ್ಥಾನಗಳ ಚರಿತ್ರೆಯನ್ನು ನಮ್ಮ ವಿದ್ಯಾರ್ಥಿಗಳು ಓದದೆ ಇಲ್ಲ. ೧೭೭೩ರಲ್ಲಿ ಬೋಸ್ಟನ್ ಬಂದರಿನಲ್ಲಿ ಚಹಾದ ಪೆಟ್ಟಿಗೆಗಳು ನೀರುಪಾಲಾದುದು, ೧೭೭೬ರ ಜುಲೈ ೪ರಂದು ಸ್ವಾತಂತ್ರ್ಯಘೋಷಣೆಯಾದುದು, ೧೭೮೩ರಲ್ಲಿ ಪ್ಯಾರಿಸಿನಲ್ಲಿ ಸಂಧಿಯಾದುದು, ಇವನ್ನೆಲ್ಲ ಅವರು ತಡವರಿಸದೆ ಹೇಳಬಲ್ಲರು. ಸರಕಾರದ ಅಂಗಗಳೆಷ್ಟು ಎಂದರೆ ಶಾಸನಾಂಗ, ಕಾರ್ಯಾಂಗ, ನ್ಯಾಯಾಂಗ ಎಂದು ಬೆರಳು ಮಡಿಸಿ ಎಣಿಸುವರು. ಆದರೆ ಈ ಅಂಗಗಳನ್ನು ಹೀಗೆಯೇ ಏಕೆ ಜೋಡಿಸಿದರು, ಜೋಡಿಸಿದವರು ಯಾವುದಕ್ಕೆ ಅಂಜಿದ್ದರು, ಯಾವುದನ್ನು ಕಂಡೂ ಕಾಣದಂತೆ ಬಿಟ್ಟರು ಎಂದು ಕೇಳಿದರೆ ತರಗತಿಯೆಲ್ಲವೂ ಮೌನವಾಗುವುದು. ಇದು ಮಕ್ಕಳ ತಪ್ಪಲ್ಲ, ಕಲಿಸುವ ನಮ್ಮದು.

ಈ ಲೇಖಕನು ಹಲವು ವರ್ಷ ಚರಿತ್ರೆಯ ಪಾಠ ಹೇಳಿದವನು. ಒಮ್ಮೆ ಸ್ವಾತಂತ್ರ್ಯಘೋಷಣೆಯ ಪಾಠವು ಮುಗಿಯುತ್ತಲೇ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದುನಿಂತು, ಮನುಷ್ಯರೆಲ್ಲ ಸಮಾನರೆಂದು ಬರೆದ ಆ ದೊಡ್ಡವರ ಹೊಲಗಳಲ್ಲಿ ದುಡಿಯುತ್ತಿದ್ದವರು ಯಾರು ಎಂದು ಕೇಳಿದಳು. ಪರೀಕ್ಷೆಯು ಸಮೀಪಿಸಿದ್ದಿತು. "ಅದು ಮುಂದಿನ ಪಾಠದಲ್ಲಿ ಬರುವುದು, ಕುಳಿತುಕೋ" ಎಂದೆನು. ಮುಂದಿನ ಪಾಠದಲ್ಲಿ ಅದು ಬರಲಿಲ್ಲ. ಅಂದು ಉಳಿಸಿಕೊಂಡ ಸಾಲವನ್ನು ಇಂದು ಕಿಂಚಿತ್ತಾದರೂ ತೀರಿಸುವುದು ಈ ಲೇಖನದ ಉದ್ದೇಶ.

ಯಾವ ರಾಜ್ಯಾಂಗವಾದರೂ ಉತ್ತರಗಳ ಒಂದು ಪಟ್ಟಿಯಂತಿರುವುದು. ಪ್ರಶ್ನೆಗಳನ್ನು ಮರೆಮಾಡಿ ಉತ್ತರಗಳನ್ನಷ್ಟೇ ಬಾಯಿಪಾಠ ಮಾಡಿಸಿದರೆ ವಿದ್ಯಾರ್ಥಿಗೆ ಅದರಲ್ಲಿ ಜೀವವೇ ಕಾಣದು. ಆದುದರಿಂದ ಮೊದಲು ಪ್ರಶ್ನೆಗಳನ್ನು ನೋಡೋಣ.

ಬ್ರಿಟಿಷರಿಂದ ಬಿಡಿಸಿಕೊಂಡ ಹದಿಮೂರು ವಸಾಹತುಗಳು ಒಡನೆಯೇ ಒಂದು ರಾಷ್ಟ್ರವಾದುವೆಂದು ತಿಳಿಯತಕ್ಕುದಲ್ಲ. ೧೭೭೭ರಲ್ಲಿ ರಚಿತವಾಗಿ ೧೭೮೧ರಲ್ಲಿ ಜಾರಿಗೆ ಬಂದ ಒಕ್ಕೂಟದ ನಿಬಂಧನೆಗಳೇ ಅವರ ಮೊದಲ ರಾಜ್ಯಾಂಗ. ಅದರಂತೆ ಇದ್ದುದು ಒಂದೇ ಸಭೆ; ಅದರಲ್ಲಿ ದೊಡ್ಡದಿರಲಿ ಚಿಕ್ಕದಿರಲಿ ಸಂಸ್ಥಾನಕ್ಕೊಂದು ಮತ. ಕಾರ್ಯಾಂಗವೂ ಇಲ್ಲ, ದೇಶಕ್ಕೆಲ್ಲ ಒಂದಾದ ನ್ಯಾಯಾಲಯವೂ ಇಲ್ಲ. ಮಹತ್ವದ ವಿಷಯಗಳಿಗೆ ಒಂಬತ್ತು ಸಂಸ್ಥಾನಗಳ ಒಪ್ಪಿಗೆ ಬೇಕು. ನಿಬಂಧನೆಯನ್ನು ತಿದ್ದುವುದಾದರೆ ಹದಿಮೂರೂ ಒಪ್ಪಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಆ ಸಭೆಗೆ ತೆರಿಗೆ ವಸೂಲು ಮಾಡುವ ಅಧಿಕಾರವಿರಲಿಲ್ಲ. ಸಂಸ್ಥಾನಗಳನ್ನು ಹಣಕ್ಕಾಗಿ ಬೇಡಬಹುದಾಗಿತ್ತು. ಅವು ಕೊಟ್ಟರೆ ಉಂಟು, ಇಲ್ಲವಾದರೆ ಇಲ್ಲ. ಯುದ್ಧದ ಸಾಲವನ್ನು ತೀರಿಸುವುದಕ್ಕಾಗಿ ಆಮದಿನ ಮೇಲೆ ನೂರಕ್ಕೆ ಐದರಂತೆ ಸುಂಕ ಹಾಕುವ ಸೂಚನೆಯು ಬಂದಾಗ, ೧೭೮೨ರಲ್ಲಿ ಪುಟ್ಟ ರೋಡ್ ಐಲೆಂಡ್ ಒಪ್ಪದೆ ಹೋದುದರಿಂದ ಅದು ಬಿದ್ದುಹೋಯಿತು. ಅರಸನ ಪ್ರಬಲ ಹಸ್ತಕ್ಕೆ ಬೇಸತ್ತ ಜನರು ಕೈಯೇ ಇಲ್ಲದ ಸರಕಾರವೊಂದನ್ನು ಕಟ್ಟಿಕೊಂಡಿದ್ದರು.

ಅದರ ಫಲವು ಬೇಗನೆ ಕಾಣಿಸಿತು. ೧೭೮೬ರಲ್ಲಿ ಮ್ಯಾಸಚೂಸೆಟ್ಸಿನ ಪಶ್ಚಿಮ ಭಾಗದ ರೈತರು ಸಾಲ ಮತ್ತು ತೆರಿಗೆಗಳ ಭಾರದಿಂದ ಕಂಗೆಟ್ಟು, ಜಪ್ತಿಯ ಮೊಕದ್ದಮೆಗಳು ನಡೆಯದಂತೆ ನ್ಯಾಯಾಲಯಗಳನ್ನು ತಡೆದರು. ಅವರ ಮುಂದಾಳುಗಳಲ್ಲಿ ಡೇನಿಯಲ್ ಶೇಸ್ ಎಂಬವನು ಸ್ವಾತಂತ್ರ್ಯಯುದ್ಧದಲ್ಲಿಯೇ ಹೋರಾಡಿದವನು. ೧೭೮೭ರ ಜನವರಿಯಲ್ಲಿ ಅವರು ಸ್ಪ್ರಿಂಗ್‌ಫೀಲ್ಡಿನ ಆಯುಧಾಗಾರದ ಮೇಲೆ ನುಗ್ಗಿ ಸೋತರು. ಒಕ್ಕೂಟದ ಸಭೆಗೆ ಸೈನ್ಯವನ್ನು ಕಳುಹಿಸುವ ಶಕ್ತಿಯಿರಲಿಲ್ಲ. ಬೋಸ್ಟನ್ನಿನ ವರ್ತಕರು ತಾವೇ ಹಣ ಕೂಡಿಸಿ ದಂಡನ್ನು ಹೊರಡಿಸಬೇಕಾಯಿತು. ಆಸ್ತಿವಂತರಿಗೆ ಇದು ಅರಾಜಕತೆಯ ಮುನ್ಸೂಚನೆಯಾಗಿ ತೋರಿತು. ರೈತರ ಕಣ್ಣಿನಲ್ಲಿ ಅದೇ ಅನ್ಯಾಯದ ಎದುರು ಎದ್ದ ಕೂಗಾಗಿದ್ದಿತು. ವಿದ್ಯಾರ್ಥಿಗೆ ಎರಡು ಮುಖಗಳನ್ನೂ ತೋರಿಸಬೇಕು.

ಈ ಭಯದ ನಡುವೆ, ೧೭೮೭ರ ಮೇ ೨೫ರಿಂದ ಸೆಪ್ಟೆಂಬರ್ ೧೭ರ ವರೆಗೆ, ಫಿಲಡೆಲ್ಫಿಯದಲ್ಲಿ ರಾಜ್ಯಾಂಗಸಭೆಯು ನಡೆಯಿತು. ರೋಡ್ ಐಲೆಂಡ್ ಯಾರನ್ನೂ ಕಳುಹಿಸಲಿಲ್ಲ. ಉಳಿದ ಹನ್ನೆರಡು ಸಂಸ್ಥಾನಗಳಿಂದ ಒಟ್ಟು ೫೫ ಮಂದಿ ಬಂದರು. ವಾಷಿಂಗ್ಟನ್ನನು ಅಧ್ಯಕ್ಷಪೀಠದಲ್ಲಿದ್ದನು. ೮೧ ವರ್ಷದ ಫ್ರಾಂಕ್ಲಿನ್ನನು ಎಲ್ಲರಿಗಿಂತ ಹಿರಿಯನು. ವರ್ಜೀನಿಯದ ಮ್ಯಾಡಿಸನ್ನನು ದಿನದಿನದ ಚರ್ಚೆಯನ್ನು ಬರೆದಿಟ್ಟುದರಿಂದಲೇ ಒಳಗೆ ನಡೆದುದು ನಮಗೆ ಇಷ್ಟಾದರೂ ತಿಳಿದಿದೆ; ಏತಕ್ಕೆಂದರೆ ಸಭೆಯು ಗೋಪ್ಯವಾಗಿತ್ತು. ಹಳೆಯ ನಿಬಂಧನೆಗಳನ್ನು ತಿದ್ದಲೆಂದು ಕರೆದ ಸಭೆಯು ಅವನ್ನು ಬದಿಗಿಟ್ಟು ಹೊಸದನ್ನೇ ರಚಿಸತೊಡಗಿತು.

ಮೊದಲನೆಯ ಜಗಳವು ದೊಡ್ಡವರಿಗೂ ಚಿಕ್ಕವರಿಗೂ ಹುಟ್ಟಿತು. ೧೭೯೦ರ ಜನಗಣತಿಯಲ್ಲಿ ವರ್ಜೀನಿಯದ ಜನಸಂಖ್ಯೆಯು ಏಳೂವರೆ ಲಕ್ಷಕ್ಕೆ ಹತ್ತಿರ. ಡೆಲವೇರಿನದು ಅರುವತ್ತು ಸಾವಿರದೊಳಗೆ. ತಲೆಯೆಣಿಕೆಯಂತೆ ಪ್ರತಿನಿಧಿಗಳಿರಬೇಕೆಂದು ವರ್ಜೀನಿಯದವರು ವಾದಿಸಿದರು. ಹಾಗಾದರೆ ನಾವು ಮುಳುಗಿಹೋಗುವೆವು, ಸಂಸ್ಥಾನಗಳೆಲ್ಲ ಸಮಾನವಾಗಿಯೇ ಇರಬೇಕೆಂದು ನ್ಯೂಜೆರ್ಸಿಯ ಕಡೆಯವರು ಹಠ ಹಿಡಿದರು. ಕೂಡುಕುಟುಂಬದ ಪಾಲುಪಟ್ಟಿಯ ವೇಳೆ, ಮಕ್ಕಳ ಲೆಕ್ಕದಂತೆ ಹಂಚಬೇಕೋ ಅಣ್ಣತಮ್ಮಂದಿರ ಲೆಕ್ಕದಂತೆಯೋ ಎಂಬ ವ್ಯಾಜ್ಯವನ್ನು ಕಂಡವರಿಗೆ ಇದರ ತೀವ್ರತೆಯನ್ನು ವಿವರಿಸಬೇಕಾಗಿಲ್ಲ. ಕನೆಕ್ಟಿಕಟ್ಟಿನ ರೋಜರ್ ಶರ್ಮನ್ ಮೊದಲಾದವರು ನಡುದಾರಿಯನ್ನು ಸೂಚಿಸಿದರು: ಪ್ರತಿನಿಧಿಸಭೆಯಲ್ಲಿ ಜನಸಂಖ್ಯೆಗೆ ತಕ್ಕಂತೆ ಸ್ಥಾನ, ಸೆನೇಟಿನಲ್ಲಿ ಸಂಸ್ಥಾನಗಳಿಗೆ ಸಮಾನ ಸ್ಥಾನ. ಜುಲೈ ೧೬ರಂದು ಐದು ಸಂಸ್ಥಾನಗಳು ಪರವಾಗಿ, ನಾಲ್ಕು ವಿರೋಧವಾಗಿ ಮತವಿತ್ತುವು. ಮ್ಯಾಸಚೂಸೆಟ್ಸಿನವರು ತಮ್ಮಲ್ಲಿಯೇ ಇಬ್ಭಾಗವಾದರು. ಒಂದು ಮತದ ಅಂತರದಿಂದ ಎರಡು ಸಭೆಗಳ ಏರ್ಪಾಡು ನಿಂತಿತು. ೨೦೨೦ರ ಗಣತಿಯಲ್ಲಿ ಕ್ಯಾಲಿಫೋರ್ನಿಯದವರು ಸುಮಾರು ೩ ಕೋಟಿ ೯೫ ಲಕ್ಷ, ವಯೋಮಿಂಗಿನವರು ೬ ಲಕ್ಷಕ್ಕೂ ಕಡಿಮೆ. ಸೆನೇಟಿನಲ್ಲಿ ಇಬ್ಬರಿಗೂ ಎರಡೆರಡೇ ಸ್ಥಾನ. ಆ ಜುಲೈ ತಿಂಗಳ ಒಪ್ಪಂದವು ಇಂದಿಗೂ ಆ ದೇಶದ ರಾಜಕೀಯದಲ್ಲಿ ಹೀಗೆ ಕೆಲಸಮಾಡುತ್ತಿರುವುದು.

ಎರಡನೆಯ ಪ್ರಶ್ನೆ: ಅರಸನನ್ನು ಓಡಿಸಿದವರು ಆಳುವ ಕೈಯನ್ನು ಎಲ್ಲಿಂದ ತರುವುದು? ಕಾರ್ಯಾಂಗವು ಒಬ್ಬನ ಕೈಯಲ್ಲಿರಲೆಂದು ಜೇಮ್ಸ್ ವಿಲ್ಸನ್ನನು ಸೂಚಿಸಿದಾಗ, ಇದು ಅರಸೊತ್ತಿಗೆಯ ಬೀಜವೆಂದು ಕೆಲವರು ಬೆಚ್ಚಿದರು. ಕಡೆಗೆ ಒಬ್ಬನನ್ನೇ ಇಟ್ಟು, ಅವನ ಸುತ್ತಲೂ ಬೇಲಿ ಹಾಕಿದರು. ಅಧ್ಯಕ್ಷನಿಗೆ ನಾಲ್ಕು ವರ್ಷದ ಅವಧಿ. ಅವನು ಮಸೂದೆಯನ್ನು ತಡೆಯಬಲ್ಲನು. ಆದರೆ ಎರಡು ಸಭೆಗಳೂ ಮೂರರಲ್ಲಿ ಎರಡು ಪಾಲು ಮತದಿಂದ ಆ ತಡೆಯನ್ನು ಮೀರಬಲ್ಲುವು. ಸಂಧಿಗಳನ್ನು ಮಾಡಬಲ್ಲನು, ಆದರೆ ಸೆನೇಟಿನಲ್ಲಿ ಅಷ್ಟೇ ಬಹುಮತ ಬೇಕು. ನ್ಯಾಯಾಧೀಶರನ್ನು ಹೆಸರಿಸಬಲ್ಲನು, ಸೆನೇಟು ಒಪ್ಪಬೇಕು. ಅಪರಾಧಮಾಡಿದರೆ ಪ್ರತಿನಿಧಿಸಭೆಯು ಆಪಾದನೆ ಹೊರಿಸುವುದು, ಸೆನೇಟು ವಿಚಾರಣೆ ನಡೆಸುವುದು. ಪ್ರತಿನಿಧಿಗಳಿಗೆ ಎರಡು ವರ್ಷ, ಸೆನೇಟರಿಗೆ ಆರು ವರ್ಷ, ನ್ಯಾಯಾಧೀಶರಿಗೆ ಸದ್ವರ್ತನೆಯಿರುವವರೆಗೆ ಎಂದು ಅವಧಿಗಳನ್ನು ಬೇರೆಬೇರೆಯಾಗಿ ಇಟ್ಟುದೂ ಒಂದೇ ಸಲದ ಆವೇಶವು ಸರಕಾರವನ್ನೆಲ್ಲ ವಶಪಡಿಸಿಕೊಳ್ಳದಿರಲೆಂದೇ. ಮನುಷ್ಯರು ದೇವತೆಗಳಲ್ಲವೆಂಬ ಅರಿವೇ ಈ ಕಟ್ಟಡದ ತಳಹದಿ. ಶಾಸನವು ರಾಜ್ಯಾಂಗಕ್ಕೆ ವಿರುದ್ಧವಾದರೆ ಅದನ್ನು ರದ್ದುಮಾಡುವ ಅಧಿಕಾರ ನ್ಯಾಯಾಲಯಕ್ಕುಂಟೆಂಬುದು ಮೂಲಪತ್ರದಲ್ಲಿ ಸ್ಪಷ್ಟವಾಗಿ ಬರೆದಿರಲಿಲ್ಲ. ೧೮೦೩ರಲ್ಲಿ ಮುಖ್ಯ ನ್ಯಾಯಾಧೀಶ ಜಾನ್ ಮಾರ್ಷಲ್ಲನು ಮಾರ್ಬರಿಯ ಮೊಕದ್ದಮೆಯಲ್ಲಿ ಅದನ್ನು ಸ್ಥಾಪಿಸಿದನು.

ಇಷ್ಟರವರೆಗೆ ನಮ್ಮ ಪಾಠಗಳು ಹೇಗೋ ಬರುವುವು. ಆ ಹುಡುಗಿಯ ಪ್ರಶ್ನೆಯಿರುವುದು ಇದರ ಮುಂದೆ.

ಸ್ಥಾನಗಳನ್ನು ಜನಸಂಖ್ಯೆಯಂತೆ ಹಂಚುವುದೆಂದಾದ ಕೂಡಲೇ, ಜನರೆಂದರೆ ಯಾರು ಎಂಬ ಪ್ರಶ್ನೆಯೆದ್ದಿತು. ೧೭೯೦ರಲ್ಲಿ ದೇಶದ ೩೯ ಲಕ್ಷ ಜನರಲ್ಲಿ ಸುಮಾರು ೭ ಲಕ್ಷ ಮಂದಿ ಗುಲಾಮರು. ವರ್ಜೀನಿಯ ಒಂದರಲ್ಲಿಯೇ ೨ ಲಕ್ಷ ೯೨ ಸಾವಿರ. ಅವರನ್ನು ಆಸ್ತಿಯೆಂದು ಮಾರುತ್ತಿದ್ದ ದಕ್ಷಿಣದ ಒಡೆಯರು ಸ್ಥಾನಗಳ ಲೆಕ್ಕಕ್ಕೆ ಮಾತ್ರ ಅವರೂ ಜನರೆಂದರು. ಉತ್ತರದವರು ಆಕ್ಷೇಪಿಸಿದರು. ಗುಲಾಮರ ಸಂಖ್ಯೆಯಲ್ಲಿ ಐದರಲ್ಲಿ ಮೂರು ಪಾಲನ್ನು ಲೆಕ್ಕಕ್ಕೆ ಹಿಡಿಯುವುದೆಂದು ಒಪ್ಪಂದವಾಯಿತು. ಇದರಿಂದ ವರ್ಜೀನಿಯದ ಲೆಕ್ಕಕ್ಕೆ ಸುಮಾರು ೧ ಲಕ್ಷ ೭೫ ಸಾವಿರ ಸೇರಿತು. ಸೇರಿಸಲ್ಪಟ್ಟವರಿಗೆ ಮತವೂ ಇಲ್ಲ, ಮಾತೂ ಇಲ್ಲ. ಆಫ್ರಿಕದಿಂದ ಗುಲಾಮರನ್ನು ತರುವುದನ್ನು ೧೮೦೮ರ ವರೆಗೆ ನಿಷೇಧಿಸಕೂಡದೆಂದೂ, ತಪ್ಪಿಸಿಕೊಂಡು ಹೋದವರನ್ನು ಒಡೆಯರಿಗೆ ಒಪ್ಪಿಸತಕ್ಕುದೆಂದೂ ಮತ್ತೆರಡು ವಿಧಿಗಳು ಸೇರಿದುವು. ಇಷ್ಟಾದರೂ ಗುಲಾಮ ಎಂಬ ಪದವು ಆ ಮೂಲಪತ್ರದಲ್ಲಿ ಎಲ್ಲಿಯೂ ಇಲ್ಲ. ಬಳಸುಮಾತುಗಳಿಂದ ಅದನ್ನು ಮುಚ್ಚಿದರು. ಹೆಸರಿಸಲು ನಾಚಿದುದನ್ನು ಉಳಿಸಿಕೊಳ್ಳಲು ನಾಚಲಿಲ್ಲ. ವರ್ಜೀನಿಯದ ಜಾರ್ಜ್ ಮೇಸನ್ನನು ಸಭೆಯಲ್ಲಿ ಗುಲಾಮರ ವ್ಯಾಪಾರವನ್ನು ಕಟುವಾಗಿ ಖಂಡಿಸಿದನು. ಅವನೂ ಗುಲಾಮರ ಒಡೆಯನೇ. ವಾಷಿಂಗ್ಟನ್, ಮ್ಯಾಡಿಸನ್ ಇಬ್ಬರೂ ಅಂತಹರೇ. ಸ್ವಾತಂತ್ರ್ಯಘೋಷಣೆಯನ್ನು ಬರೆದ ಜೆಫರ್ಸನ್ನನು ಆ ವೇಳೆ ಪ್ಯಾರಿಸಿನಲ್ಲಿದ್ದನು. ಅವನ ಜೀವಮಾನದಲ್ಲಿ ಅವನ ಒಡೆತನಕ್ಕೆ ಒಳಪಟ್ಟಿದ್ದವರು ಆರುನೂರಕ್ಕೂ ಮಿಕ್ಕ ಮಂದಿ.

ಸೆಪ್ಟೆಂಬರ್ ೧೭ರಂದು ೩೯ ಮಂದಿ ರುಜುಮಾಡಿದರು. ಕೊನೆಯವರೆಗೂ ಇದ್ದವರಲ್ಲಿ ಮೇಸನ್, ರ‍್ಯಾಂಡಾಲ್ಫ್, ಗೆರಿ ಎಂಬ ಮೂವರು ನಿರಾಕರಿಸಿದರು. ಪ್ರಜೆಗಳ ಹಕ್ಕುಗಳ ಪಟ್ಟಿಯಿಲ್ಲವೆಂಬುದು ಮೇಸನ್ನನ ಮುಖ್ಯ ಆಕ್ಷೇಪಗಳಲ್ಲೊಂದು. ಹೊಸ ರಾಜ್ಯಾಂಗವನ್ನು ಸಮರ್ಥಿಸಿ ಹ್ಯಾಮಿಲ್ಟನ್, ಮ್ಯಾಡಿಸನ್, ಜೇ ಎಂಬವರು ೮೫ ಲೇಖನಗಳನ್ನು ಬರೆದರು. ಆದರೂ ಮ್ಯಾಸಚೂಸೆಟ್ಸಿನಲ್ಲಿ ೧೮೭ಕ್ಕೆ ೧೬೮, ವರ್ಜೀನಿಯದಲ್ಲಿ ೮೯ಕ್ಕೆ ೭೯, ನ್ಯೂಯಾರ್ಕಿನಲ್ಲಿ ೩೦ಕ್ಕೆ ೨೭ ಮತಗಳಿಂದಷ್ಟೇ ಅದು ಅಂಗೀಕೃತವಾಯಿತು. ವಿರೋಧಿಗಳ ಹೋರಾಟವು ವ್ಯರ್ಥವಾಗಲಿಲ್ಲ. ವಾಕ್‌ಸ್ವಾತಂತ್ರ್ಯ, ಮತಸ್ವಾತಂತ್ರ್ಯ ಮೊದಲಾದುವನ್ನು ಕಾಯುವ ಹತ್ತು ತಿದ್ದುಪಡಿಗಳು ೧೭೯೧ರಲ್ಲಿ ಸೇರಿದುದು ಅವರ ಒತ್ತಾಯದಿಂದ. ಸೋತವರೂ ಕಟ್ಟಡಕ್ಕೆ ಕಲ್ಲಿಟ್ಟಿರುವರೆಂಬುದನ್ನು ವಿದ್ಯಾರ್ಥಿಗಳು ತಿಳಿಯಬೇಕು.

ಆದರೆ ಮುಂದೂಡಿದ ಪ್ರಶ್ನೆಯು ಮುಂದೆಯೇ ಕಾದು ಕುಳಿತಿದ್ದಿತು. ೭ ಲಕ್ಷವಿದ್ದ ಗುಲಾಮರು ೧೮೬೦ರ ವೇಳೆಗೆ ೪೦ ಲಕ್ಷಕ್ಕೆ ಹತ್ತಿರವಾದರು. ೧೮೫೭ರಲ್ಲಿ ಡ್ರೆಡ್ ಸ್ಕಾಟನ ಮೊಕದ್ದಮೆಯಲ್ಲಿ ವರಿಷ್ಠ ನ್ಯಾಯಾಲಯವೇ ಕರಿಯರು ಪ್ರಜೆಗಳಾಗಲಾರರೆಂದು ತೀರ್ಪಿತ್ತಿತು. ೧೮೬೧ರಿಂದ ೧೮೬೫ರ ವರೆಗಿನ ಅಂತಃಕಲಹದಲ್ಲಿ ಆರು ಲಕ್ಷಕ್ಕೂ ಮಿಕ್ಕ ಯೋಧರು ಮಡಿದರು. ಅನಂತರವೇ ಗುಲಾಮಗಿರಿಯನ್ನು ತೊಡೆದ ೧೩ನೆಯ ತಿದ್ದುಪಡಿಯು (೧೮೬೫), ಪೌರತ್ವವನ್ನೂ ಸಮಾನ ರಕ್ಷಣೆಯನ್ನೂ ಕೊಟ್ಟ ೧೪ನೆಯದು (೧೮೬೮), ವರ್ಣದ ಕಾರಣದಿಂದ ಮತವನ್ನು ತಪ್ಪಿಸಕೂಡದೆಂದ ೧೫ನೆಯದು (೧೮೭೦) ಬಂದುವು. ಸ್ತ್ರೀಯರ ಮತಾಧಿಕಾರವು ೧೯೨೦ರ ವರೆಗೆ ಕಾಯಬೇಕಾಯಿತು. ದಕ್ಷಿಣದ ಕರಿಯರ ಮತಾಧಿಕಾರವು ಕಾಗದದಿಂದ ಇಳಿದು ಮತಗಟ್ಟೆಗೆ ಬರುವುದಕ್ಕೆ ೧೯೬೫ರ ಶಾಸನವು ಬೇಕಾಯಿತು.

ಈ ಚರಿತ್ರೆಯಿಂದ ನಮ್ಮವರೂ ಪಾಠ ಕಲಿತುದುಂಟು. ನ್ಯಾಯಸಮ್ಮತವಾದ ವಿಧಾನವಿಲ್ಲದೆ ಯಾರ ಜೀವ, ಸ್ವಾತಂತ್ರ್ಯ, ಸ್ವತ್ತುಗಳನ್ನೂ ಕಸಿಯಕೂಡದೆಂದು ಅಮೆರಿಕದ ರಾಜ್ಯಾಂಗದ ತಿದ್ದುಪಡಿಗಳು ಹೇಳುವುವು. ಆದರೆ ಅದೇ ಮಾತನ್ನು ಹಿಡಿದು, ರೊಟ್ಟಿ ಸುಡುವ ಕೆಲಸಗಾರರ ದುಡಿಮೆಯನ್ನು ದಿನಕ್ಕೆ ಹತ್ತು ತಾಸಿಗೆ ಮಿತಗೊಳಿಸಿದ ನ್ಯೂಯಾರ್ಕಿನ ಶಾಸನವನ್ನು ಅಲ್ಲಿನ ವರಿಷ್ಠ ನ್ಯಾಯಾಲಯವು ೧೯೦೫ರಲ್ಲಿ ರದ್ದುಮಾಡಿದ್ದಿತು. ಮಂಗಳೂರಿನಲ್ಲಿ ೧೮೮೭ರಲ್ಲಿ ಜನಿಸಿದ, ನಮ್ಮ ಸಂವಿಧಾನಸಭೆಯ ಸಲಹೆಗಾರರಾಗಿದ್ದ ಬೆನೆಗಲ್ ನರಸಿಂಗರಾಯರು ೧೯೪೭ರಲ್ಲಿ ಅಮೆರಿಕಕ್ಕೆ ಹೋದಾಗ, ನ್ಯಾಯಾಧೀಶ ಫ್ರಾಂಕ್‌ಫರ್ಟರನು ಆ ಬಗೆಯ ಅಧಿಕಾರವು ಪ್ರಜಾಪ್ರಭುತ್ವಕ್ಕೂ ನ್ಯಾಯಾಲಯಕ್ಕೂ ಹಿತವಲ್ಲವೆಂದು ಅವರನ್ನು ಎಚ್ಚರಿಸಿದನು. ನಮ್ಮ ೨೧ನೆಯ ವಿಧಿಯಲ್ಲಿ ಕಾನೂನು ಗೊತ್ತುಪಡಿಸಿದ ವಿಧಾನವೆಂಬ ಮಾತು ಬರುವುದಕ್ಕೆ ಇದೊಂದು ಕಾರಣ. ಆ ವಿಧಾನವು ನ್ಯಾಯಯುತವೂ ಆಗಿರಬೇಕೆಂದು ನಮ್ಮ ಸರ್ವೋಚ್ಚ ನ್ಯಾಯಾಲಯವು ೧೯೭೮ರಲ್ಲಿ ಮನೇಕಾ ಗಾಂಧಿಯವರ ಮೊಕದ್ದಮೆಯಲ್ಲಿ ಹೇಳಿತು. ಪರರ ಉತ್ತರವನ್ನು ನಕಲುಮಾಡದೆ ಅವರ ಪ್ರಶ್ನೆಯನ್ನು ತಿಳಿಯುವುದೆಂದರೆ ಹೀಗೆ.

ಉಪಾಧ್ಯಾಯರಲ್ಲಿ ಒಂದು ವಿಜ್ಞಾಪನೆ. ಈ ಪಾಠದ ದಿನ ತರಗತಿಯನ್ನು ಹದಿಮೂರು ಗುಂಪುಮಾಡಿ, ವರ್ಜೀನಿಯಕ್ಕೂ ಡೆಲವೇರಿಗೂ ಜಗಳವಾಡಲು ಬಿಡಿರಿ. ಅವರು ತಾವೇ ಎರಡು ಸಭೆಗಳನ್ನು ಕಟ್ಟಿಯಾರು. ಆಮೇಲೆ, ಯಾವ ಗುಂಪಿನಲ್ಲಿಯೂ ಸೇರಿಸದೆ ಗೋಡೆಯ ಬಳಿ ನಿಲ್ಲಿಸಿದ ಕೆಲವು ಮಕ್ಕಳನ್ನು ತೋರಿಸಿ, ಇವರನ್ನು ಯಾರ ಲೆಕ್ಕಕ್ಕೆ ಹಿಡಿಯುವಿರಿ ಎಂದು ಕೇಳಿರಿ. ಮನೆಯಲ್ಲಿ ತಂದೆತಾಯಂದಿರೂ ಊಟದ ಹೊತ್ತಿನಲ್ಲಿ ಇದನ್ನೇ ಕೇಳಬಹುದು. ಆ ರಾಜ್ಯಾಂಗವನ್ನು ರಚಿಸಿದವರ ಜಾಣ್ಮೆಯನ್ನು ಮೆಚ್ಚುವುದಕ್ಕೂ ಅವರ ಅಪರಾಧವನ್ನು ಅರಿಯುವುದಕ್ಕೂ ಒಂದೇ ಮನಸ್ಸಿನಲ್ಲಿ ಎಡೆಯುಂಟೆಂದು ಮಕ್ಕಳು ಕಲಿತರೆ, ತಮ್ಮ ದೇಶದ ಹಿರಿಯರನ್ನೂ ಅದೇ ನ್ಯಾಯದಿಂದ ತೂಗಬಲ್ಲರು.

ಅಂದು ಪ್ರಶ್ನೆ ಕೇಳಿದ ಹುಡುಗಿಯು ಈಗ ಎಲ್ಲಿರುವಳೋ ಅರಿಯೆನು. ಮುಂದಿನ ಪಾಠಕ್ಕೆಂದು ತಳ್ಳಿದ ಪ್ರಶ್ನೆಯು ತಾನಾಗಿ ಬರುವುದಿಲ್ಲ, ಬೆಲೆಯನ್ನು ಹೆಚ್ಚಿಸಿಕೊಂಡೇ ಬರುವುದೆಂಬುದನ್ನು ಫಿಲಡೆಲ್ಫಿಯದ ಆ ಮಹನೀಯರಿಂದ ನಾನು ತಡವಾಗಿ ಕಲಿತೆನು.